ಛಾವಣಿಯ ಮೇಲಿನ ಪ್ಲೇಗು

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ತಲೆಯೆತ್ತಿ ನೋಡಿ, ಬೆರಗುಪಟ್ಟು ಹೊರಬಂದಿರುತ್ತೀರಿ. ಆದರೆ ಆ ಚಿತ್ರಗಳನ್ನು ಬರಿಯ ಚೆಲುವಿಗಾಗಿ ನೋಡುವುದು ಅವುಗಳಿಗೆ ಅರ್ಧ ನ್ಯಾಯವನ್ನಷ್ಟೇ ಸಲ್ಲಿಸಿದಂತೆ ಎಂಬುದು ನನ್ನ ಅಭಿಪ್ರಾಯ.

ಇಟಲಿಯ ಬೆರ್ಗಾಮೊ ಸಮೀಪದ ಸ್ತೆತ್ಸಾನೊದಲ್ಲಿ 1854ರಲ್ಲಿ ಜನಿಸಿದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ ಇವುಗಳನ್ನು 1899 ಮತ್ತು 1901ರ ನಡುವೆ ರಚಿಸಿದರು. ಗೋಡೆಗಳ ಮೇಲಿನವು ಹಸಿಗಾರೆಯ ಚಿತ್ರಗಳು. ಛಾವಣಿಯವು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಹಸಿಗಾರೆಯ ಸುಣ್ಣವು ಗಾಳಿಯೊಡನೆ ಬೆರೆತು ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಗಾರೆ ಆರುವ ಮುನ್ನ ಕೆಲಸ ಮುಗಿಯಬೇಕು. ಆಮೇಲೆ ತಿದ್ದುವುದು ಬಹು ಕಷ್ಟ. ಕರಾವಳಿಯ ಮಳೆಗಾಲದ ತೇವಕ್ಕೆ ಇವು ನಲುಗಿದಾಗ, 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಸಂರಕ್ಷಣೆ ಕೈಗೊಂಡರು. ಹಬ್ಬ ಬಂತೆಂದೊಡನೆ ಹಳೆಯ ಗೋಡೆಗೆ ಡಿಸ್ಟೆಂಪರ್ ಬಳಿಸುವ ನಮ್ಮ ಧರ್ಮಕೇಂದ್ರಗಳು ಇದನ್ನು ಗಮನಿಸಬೇಕು.

ಛಾವಣಿಯ ನಡುಭಾಗದಲ್ಲಿ ಸಂತರ ಬದುಕಿನ ಮೂರು ಪ್ರಸಂಗಗಳಿವೆ. ಮೊದಲನೆಯದು ಸ್ಪೇನಿನ ರಾಜಾಸ್ಥಾನ. ಎರಡನೆಯದು ಸಂತ ಚಾರ್ಲ್ಸ್ ಬೊರೊಮಿಯೋ ಅವರಿಂದ ಪಡೆದ ಮೊದಲ ಪರಮಪ್ರಸಾದ. ಪೂಜಾಪೀಠದ ಸಮೀಪದ ಮೂರನೆಯದು ರೋಮಿನ ಪ್ಲೇಗು ರೋಗಿಗಳ ಸೇವೆ. ಆ ಸೇವೆಯಲ್ಲೇ ಸೋಂಕು ತಗುಲಿ ಅಲೋಶಿಯಸ್ 1591ರಲ್ಲಿ, ಕೇವಲ 23ರ ಹರೆಯದಲ್ಲಿ ಅಸುನೀಗಿದರು.

ಈಗ ರಚನೆಯ ವರ್ಷವನ್ನು ಮತ್ತೊಮ್ಮೆ ನೋಡಿ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು 1898ರಲ್ಲಿ ನಮ್ಮ ಬೆಂಗಳೂರನ್ನು ಹೊಕ್ಕಿತು. ಜನ ಊರು ತೊರೆದರು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಅದರ ಬೆನ್ನಿಗೇ. ಇದನ್ನು ಬರೆಯುತ್ತಿರುವ ಚಂದ್ರಾ ಲೇಔಟ್‌ನಂಥ ಬಡಾವಣೆಗಳು ಬಹಳ ಈಚಿನವು, ಆ ನೆನಪು ಇಲ್ಲಿನ ಮನೆಗಳಿಗಿಲ್ಲ. ಆದರೆ 1901ರಲ್ಲಿ ಆ ಛಾವಣಿಯತ್ತ ಮುಖವೆತ್ತಿದ ವಿದ್ಯಾರ್ಥಿಗೆ ಮೂರನೆಯ ಚಿತ್ರ ಮುನ್ನೂರು ವರ್ಷಗಳ ಹಿಂದಿನ ರೋಮಾಪುರಿಯ ಕಥೆಯಷ್ಟೇ ಆಗಿರಲಾರದು. ರೋಗಿಯನ್ನು ಮುಟ್ಟಬೇಕೇ, ಬಿಟ್ಟು ಓಡಬೇಕೇ ಎಂಬುದು ಅಂದಿನ ಪ್ರಶ್ನೆಯಾಗಿತ್ತು. 2020ರ ಕೊರೋನಾ ದಿನಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಲಾವಿದರ ಬಗ್ಗೆ ನನ್ನ ತಕರಾರೂ ಉಂಟು. ಛಾವಣಿಯ ಈ ಪ್ರಸಂಗಗಳಲ್ಲಿ ಆಕೃತಿ, ಉಡುಪು, ಕಟ್ಟಡ ಎಲ್ಲವೂ ಯೂರೋಪಿನವೇ. ಅಲಂಕಾರವಂತೂ ಅತಿಯಾಯಿತು: ದೇವದೂತರು, ಹೂಮಾಲೆಗಳು ಕಣ್ಣನ್ನು ಸೆಳೆದುಕೊಂಡು ಸಂಕಟದ ಚಿತ್ರವನ್ನು ಮರೆಸಿಬಿಡುತ್ತವೆ. ಮಕ್ಕಳನ್ನು ಕರೆದೊಯ್ದರೆ ನೇರವಾಗಿ ಪೂಜಾಪೀಠದ ಹತ್ತಿರ ನಿಲ್ಲಿಸಿ, ಮೂರನೆಯ ಚಿತ್ರವನ್ನೇ ಮೊದಲು ತೋರಿಸಿರಿ. ಹೂಮಾಲೆಗಳನ್ನು ಅವರು ತಾವಾಗಿಯೇ ನೋಡಿಕೊಳ್ಳುತ್ತಾರೆ.