ತರಗೆಲೆಯಡಿಯ ದೀಪ

ಮುಂಗಾರಿಗೆ ಮುನ್ನ ಒಂದೆರಡು ಮಳೆ ಬಿದ್ದು ನೆಲ ನೆನೆದ ಮಲೆನಾಡಿನ ರಾತ್ರಿಗಳಲ್ಲಿ ಮರದಿಂದ ಮರಕ್ಕೆ ಹಬ್ಬುವ ಮಿಂಚುಹುಳುಗಳು, ಹೆಸರಿಗೆ ಹುಳುಗಳಾದರೂ, ದುಂಬಿಗಳ ಬಳಗಕ್ಕೆ, ಅಂದರೆ ಗಡುಸಾದ ಮುಂರೆಕ್ಕೆಗಳ ಕೆಳಗೆ ಹಾರುವ ರೆಕ್ಕೆಗಳನ್ನು ಮಡಚಿಟ್ಟುಕೊಳ್ಳುವ ಕೀಟಗಳ ಗುಂಪಿಗೆ ಸೇರಿದವು. ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಕೂಡಿದಾಗ ಹುಟ್ಟುವ ಆ ತಣ್ಣನೆಯ ಬೆಳಕು ಗಂಡು ಹೆಣ್ಣುಗಳು ಪರಸ್ಪರ ಗುರುತಿಸಿಕೊಳ್ಳುವ ಸಂಕೇತವಾಗಿದೆ.

ನೋಡುವವರ ಕಣ್ಣು ತುಂಬುವುದು ಈ ಕೆಲವೇ ದಿನಗಳ ಹಾರಾಟವಾದರೂ, ನಿಜವಾದ ಬೆರಗು ಇರುವುದು ಅದಕ್ಕೂ ಮುಂಚಿನ, ತಿಂಗಳುಗಟ್ಟಲೆ ನೆಲದಲ್ಲಿ ಕಳೆಯುವ ಮರಿಹುಳುವಿನ ಬಾಳಿನಲ್ಲಿ. ಒದ್ದೆ ತರಗೆಲೆಯ ಅಡಿಯಲ್ಲಿ ಬಸವನಹುಳುವಿನ ಲೋಳೆಯ ಜಾಡು ಹಿಡಿದು ಸಾಗುವ ಈ ಪುಟ್ಟ ಬೇಟೆಗಾರ, ತನಗಿಂತ ದೊಡ್ಡ ಚಿಪ್ಪಿನ ಮೇಲೇರಿ, ಕುಡುಗೋಲಿನಂಥ ಕೋರೆಗಳಿಂದ ಕಚ್ಚಿ, ಮರಗಟ್ಟಿಸುವ ರಸವನ್ನು ಒಳಸೇರಿಸಿ, ಕರಗಿದ ಮಾಂಸವನ್ನು ಹೀರುತ್ತದೆ. ಸಸಿಗಳನ್ನು ಮೇಯುವ ಬಸವನಹುಳುಗಳಿಂದ ಬೇಸತ್ತ ಅಡಿಕೆ ತೋಟದವರಿಗೆ ಇದಕ್ಕಿಂತ ನಿಷ್ಠೆಯ ಆಳು ಸಿಗಲಾರದು. ಇದೇ ಬಗೆಯ ಉಪಕಾರಿ ಗುಲಗಂಜಿ ಹುಳು: ಅದರ ಒಂದು ಪ್ರಭೇದವನ್ನು ಕಾಫಿ ಗಿಡದ ಹಸಿರು ಶಲ್ಕಕೀಟದ ಹತೋಟಿಗೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತರಲಾಯಿತು, ಮುಂದೆ ಅದು ಹಿಟ್ಟು ತಿಗಣೆಯ ವಿರುದ್ಧ ಹೆಚ್ಚು ಪ್ರಯೋಜನಕ್ಕೆ ಬಂದಿತು.

ಮಿಂಚುಹುಳುವನ್ನು ಉಳಿಸಿಕೊಳ್ಳುವುದಕ್ಕೆ ಸಾಕಣೆ ಬೇಕಿಲ್ಲ. ಬೇಲಿಯಂಚಿನ ತರಗೆಲೆಗೆ ಬೆಂಕಿಯಿಡದೆ, ತೊರೆಬದಿಯ ಹುಲ್ಲನ್ನು ಪೂರ್ತಿ ಸವರದೆ, ನೆಲಕ್ಕೆ ಕೀಟನಾಶಕ ಸುರಿಯದೆ, ಮೇ-ಜೂನ್ ರಾತ್ರಿಗಳಲ್ಲಿ ಅಂಗಳದ ಬಿಳಿ ದೀಪವನ್ನು ಆರಿಸಿದರೆ, ಹುಲ್ಲಿನ ಎಸಳಿನ ಮೇಲೆ ಕುಳಿತ ಹೆಣ್ಣು ನೀಡುವ ಮಂದವಾದ ಉತ್ತರ ಗಂಡಿಗೆ ಕಾಣುತ್ತದೆ.