ಶಿರಡಿಯ ದಾರಿ ಸಯನ್ ದಾಟುವಾಗ

ಮುಂಬೈಯಿಂದ ಶಿರಡಿಗೆ ನಡೆಯುವವರಿಗೆ ಕಸಾರಾ ಘಾಟಿಯೇ ದೊಡ್ಡ ಪರೀಕ್ಷೆ ಎಂಬ ಮಾತಿದೆ. ಆ ಪರೀಕ್ಷೆ ಸಯನ್‌ನಲ್ಲೇ ಶುರುವಾಗುತ್ತದೆ ಎನ್ನುತ್ತೇನೆ ನಾನು. ಪರೇಲ್, ದಾದರ್ ಕಡೆಯ ಸಾಯಿಬಾಬಾ ಪಲ್ಲಕ್ಕಿಗಳು ಅಂಬೇಡ್ಕರ್ ರಸ್ತೆ ಹಿಡಿದು ಬಂದು ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಗೆ ಕಾಲಿಡುವುದು ಇಲ್ಲೇ. ಠಾಣೆಯವರೆಗೆ 23 ಕಿ.ಮೀ.ಗೂ ಹೆಚ್ಚು ಉದ್ದದ ಈ ರಸ್ತೆಯನ್ನು ಕಟ್ಟಿದ್ದು ವಾಹನಗಳ ವೇಗಕ್ಕೆ, ಕಾಲ್ನಡಿಗೆಗೆ ಅಲ್ಲ.

ಸುಮಾರು 240 ಕಿ.ಮೀ.ಗಳ ಈ ಪಾದಯಾತ್ರೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಗಿರಣಿ ಕಾರ್ಮಿಕರ ಚಾಳಿನ ಮಕ್ಕಳು, ಅಂಗಡಿಯ ಹುಡುಗರು, ಅಜ್ಜಿಯರು ಒಂದೇ ಸಾಲಿನಲ್ಲಿ ನಡೆಯುತ್ತಾರೆ. ದಾರಿಯುದ್ದಕ್ಕೂ ಅಪರಿಚಿತರು ಚಹಾ, ಶರಬತ್ತು, ಊಟ ಕೊಡುತ್ತಾರೆ. ತಂಗುವ ಜಾಗ, ಸಾಮಾನಿನ ಟೆಂಪೋ, ಬೊಬ್ಬೆ ಎದ್ದ ಪಾದಕ್ಕೆ ಮುಲಾಮು, ಎಲ್ಲಕ್ಕೂ ಜನ ಗೊತ್ತು ಮಾಡಿರುತ್ತಾರೆ. ಧರ್ಮಸ್ಥಳಕ್ಕೆ ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಇಳಿಯುವವರನ್ನು ಕಂಡ ಕನ್ನಡಿಗರಿಗೆ ಈ ಆದರ ಹೊಸದಲ್ಲ.

ಆದರೆ ಹೊಟ್ಟೆಯ ಬಗ್ಗೆ ಇರುವ ಈ ಕಾಳಜಿ ರಸ್ತೆಯ ಬಗ್ಗೆ ಇಲ್ಲ. ಈ ಪಲ್ಲಕ್ಕಿಗಳು ಶಿರಡಿ ತಲುಪಬೇಕಾದ ರಾಮನವಮಿ ಬರುವುದು ಸುಡುಬಿಸಿಲಿನಲ್ಲಿ. ಹಾಗಾಗಿ ನಡಿಗೆ ನಸುಕಿಗೆ, ರಾತ್ರಿಗೆ ಸರಿಯುತ್ತದೆ. ಲಾರಿಗಳು ಓಡುವುದೂ ಅದೇ ಹೊತ್ತಿಗೆ. ಪಲ್ಲಕ್ಕಿ ಹೊತ್ತ ರಥ ವಾಹನವಾದ್ದರಿಂದ ಎಡಬದಿಯಲ್ಲೇ ಸಾಗಬೇಕು, ಜನ ಅದರ ಹಿಂದೆ. ಅಂದರೆ ಬರುವ ಲಾರಿಗೆ ಎಲ್ಲರೂ ಬೆನ್ನು ಕೊಟ್ಟೇ ನಡೆಯುತ್ತಾರೆ. ಧ್ವನಿವರ್ಧಕದ ಭಜನೆಯಲ್ಲಿ ಹಾರ್ನ್ ಕೇಳಿಸುವುದಿಲ್ಲ. ಸಿಗ್ನಲ್ ಬಿದ್ದಾಗ ಸಾಲು ಎರಡಾಗಿ, ಹಿಂದುಳಿದವರು ಮುಂದಿನವರನ್ನು ಸೇರಲು ಓಡುತ್ತಾರೆ. ನನಗೆ ಅತ್ಯಂತ ಭಯ ಹುಟ್ಟಿಸುವುದು ಈ ಓಟ. ಎಷ್ಟೇ ಭಕ್ತಿಯಿದ್ದರೂ ಕತ್ತಲಲ್ಲಿ ಚಾಲಕನಿಗೆ ಮನುಷ್ಯ ಕಾಣದಿದ್ದರೆ ಪ್ರಯೋಜನವಿಲ್ಲ.

ತಪ್ಪು ಆಯೋಜಕರೊಬ್ಬರದೇ ಅಲ್ಲ. ಪಂಢರಪುರದ ವಾರಕರಿಗಳಿಗಾಗಿ ಜ್ಞಾನೇಶ್ವರ, ತುಕಾರಾಮ ಪಾಲಖಿ ಮಾರ್ಗಗಳಲ್ಲಿ ನಡೆಯುವವರಿಗೆಂದೇ ಪ್ರತ್ಯೇಕ ಹಾದಿ ಇರಬೇಕೆಂದು ಸರ್ಕಾರವೇ ಒಪ್ಪಿ, 2021ರ ನವೆಂಬರ್‌ನಲ್ಲಿ ಶಂಕುಸ್ಥಾಪನೆ ಮಾಡಿತು. ನಡೆಯುವವರೂ ರಸ್ತೆಯ ಹಕ್ಕುದಾರರು ಎಂದು ಅಲ್ಲಿ ಒಪ್ಪಿದ್ದನ್ನು ಸಯನ್‌ನಿಂದ ಕಸಾರಾವರೆಗೂ ಒಪ್ಪಬೇಕು. ಈಗ ಅದಕ್ಕೆ ದಾರಿಯೂ ಇದೆ. ಸಮೃದ್ಧಿ ಮಹಾಮಾರ್ಗದ ಇಗತ್‌ಪುರಿ–ಆಮಣೆ ಭಾಗ 2025ರ ಜೂನ್‌ನಲ್ಲಿ ತೆರೆದ ಮೇಲೆ, ಕಸಾರಾ ಘಾಟಿಗೆ ಪರ್ಯಾಯ ಸಿಕ್ಕಿದೆ. ಯಾತ್ರೆಯ ವಾರದಲ್ಲಿ ರಾತ್ರಿಯ ಭಾರಿ ಲಾರಿಗಳನ್ನು ಅತ್ತ ತಿರುಗಿಸಿ, ಹಳೆಯ ಘಾಟಿಯ ಒಂದು ಲೇನನ್ನು ನಡೆಯುವವರಿಗೆ ಬಿಟ್ಟುಕೊಡಬಹುದು.

ಯಾತ್ರೆ ನಡೆಸುವ ಮಂಡಳಿಗಳು ಅದಕ್ಕಾಗಿ ಕಾಯಬೇಕಿಲ್ಲ. ಸಾಮಾನಿನ ಟೆಂಪೋ ಮುಂದಿನ ತಂಗುದಾಣಕ್ಕೆ ಓಡುವ ಬದಲು ಮಿನುಗುವ ದೀಪ ಹಚ್ಚಿಕೊಂಡು ಸಾಲಿನ ಹಿಂದೆ ಬರಲಿ. ಕತ್ತಲಾದ ಮೇಲೆ ಧ್ವನಿವರ್ಧಕ ನಿಲ್ಲಲಿ. ಪ್ರತಿಯೊಬ್ಬರಿಗೂ ಬೆಳಕಿಗೆ ಹೊಳೆಯುವ ಪಟ್ಟಿ ಸಿಗಲಿ. ಸಿಗ್ನಲ್ ಬಿದ್ದಾಗ ಕೊನೆಯ ಅಜ್ಜಿ ದಾಟುವ ತನಕ ಪಲ್ಲಕ್ಕಿ ಆಚೆ ಬದಿಯಲ್ಲಿ ನಿಂತು ಕಾಯಲಿ.