ಆಟದ ಮಾಸ್ತರನ ಊರವಾಸ್ತವ್ಯ: ಸಣ್ಣಾಟದ ಅಧ್ಯಯನದಲ್ಲಿ ಬಿಟ್ಟುಹೋದ ಒಂದು ನೆಲೆ

ಸಣ್ಣಾಟವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಹಾಡುಗಳ ಪಠ್ಯವನ್ನು, ಇಲ್ಲವೆ ಆಟದ ರಾತ್ರಿಯನ್ನು ಆಧರಿಸಿವೆ. ಇವೆರಡಕ್ಕೂ ಹಿಂದಿನ ತಿಂಗಳುಗಳು, ಎಂದರೆ ಮಾಸ್ತರನು ಊರಲ್ಲಿ ತಂಗಿ ತಾಲೀಮು ನಡೆಸುವ ಕಾಲ, ವಿಮರ್ಶೆಗೆ ಒಳಗಾದುದು ಕಡಿಮೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪರಿಸರದ ಆಟಗಳನ್ನು ಅರಿಯಲು ಈ ವಾಸ್ತವ್ಯದಿಂದಲೇ ಹೊರಡಬೇಕಾಗುತ್ತದೆ.

ಆಟ ಕಲಿಯಬಯಸುವ ತರುಣರು ಕೂಡಿ ಪರಊರಿನ ಮಾಸ್ತರನನ್ನು ಕರೆತರುವುದು ರೂಢಿ. ಊಟ ಸರದಿಯಂತೆ ಮನೆಮನೆಯಲ್ಲಿ. ವಸತಿ ಮಠದಲ್ಲೋ ಗುಡಿಯಲ್ಲೋ. ಹಗಲು ಹೊಲದ ದುಡಿಮೆ, ರಾತ್ರಿ ತಾಲೀಮು. ಪಾತ್ರ ಹಂಚುವಾಗ ಕಂಠವನ್ನಷ್ಟೇ ನೋಡಿದರೆ ಸಾಲದು. ಮನೆತನಗಳ ಸ್ನೇಹ-ವೈರಗಳನ್ನೂ ತೂಗಬೇಕು. ಉಣ್ಣಲು ಮನೆಮನೆಗೆ ಹೋಗುವವನಿಗೆ ಅವು ತಿಳಿಯದೆ ಇರುವುದಿಲ್ಲ. ಸಣ್ಣಾಟದಲ್ಲಿ ಹಾಡು ಸಿದ್ಧರೂಪದ್ದು, ಮಾತು ಹಾಗಲ್ಲ. ಹಾಡಿನ ಅರ್ಥ ಬಿಡಿಸುವ ಮಾತು ತಾಲೀಮಿನಲ್ಲಿಯೇ ರೂಪುಗೊಳ್ಳುವುದರಿಂದ ಆಯಾ ಊರಿನ ಗಾದೆ, ಬೈಗುಳ, ಸಂತೆಪೇಟೆಗಳು ಅದರೊಳಗೆ ಸೇರುತ್ತವೆ.

ಬೈಲಹೊಂಗಲದಲ್ಲಿ ನಡೆದುದೆನ್ನಲಾದ ಘಟನೆಯನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ ಇದಕ್ಕೆ ತಕ್ಕ ನಿದರ್ಶನ. ಪತ್ತಾರ ಮಾಸ್ತರನ ಹೆಸರಿನೊಂದಿಗೆ ಬಂದಿರುವ ಈ ಆಟ ಚಂದ್ರಶೇಖರ ಕಂಬಾರರ ಸಂಪಾದನೆಯಿಂದ ವಿದ್ವತ್ ವಲಯಕ್ಕೆ ಪರಿಚಿತವಾಯಿತು. ಇದು ಗೆಳೆತನದ ದ್ರೋಹದ ಕಥೆಯೋ, ಹಾದರಕ್ಕೆ ದೊರೆತ ಶಿಕ್ಷೆಯೋ ಎಂಬ ಚರ್ಚೆ ಮುದ್ರಿತ ಪಠ್ಯದ ಬಲದಿಂದ ಬಗೆಹರಿಯುವಂಥದಲ್ಲ. ಗಂಗೆಗೆ ಎಷ್ಟು ಮಾತು ಸಲ್ಲಬೇಕು, ಬಾಳ್ಯಾನ ಬಾಯಲ್ಲಿ ಪಶ್ಚಾತ್ತಾಪ ಎಷ್ಟಿರಬೇಕು ಎಂಬುದು ಊರೂರಿನ ತಾಲೀಮಿನಲ್ಲಿ ಬೇರೆಬೇರೆಯಾಗಿ ತೀರ್ಮಾನವಾಗುವ ಸಂಗತಿ. ಅಚ್ಚಾದ ಪಠ್ಯ ಅಂಥ ಹಲವು ತೀರ್ಮಾನಗಳಲ್ಲಿ ಒಂದು ಮಾತ್ರ.

ಕಲಾವಿದನ ವಾಸ್ತವ್ಯವೆಂದರೆ ಇಂದು ನೆನಪಾಗುವುದು ಬೇರೊಂದು ಮಾದರಿ. ಬಾಲ್ಟಿಕ್ ಸಮುದ್ರದಲ್ಲಿರುವ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿ ಪಟ್ಟಣದಲ್ಲಿ ಲೇಖಕರಿಗೂ ಅನುವಾದಕರಿಗೂ ಮೀಸಲಾದ ಕೇಂದ್ರವೊಂದು 1993ರಲ್ಲಿ ಆರಂಭವಾಯಿತು. ಅಲ್ಲಿ ದೊರೆಯುವುದು ಮನೆವಾರ್ತೆಯಿಂದ ಬಿಡುವು. ಮಾಸ್ತರನಿಗಾದರೋ ಊರಿನ ಗದ್ದಲವೇ ಸಾಮಗ್ರಿ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಸೊಗಸಾಗಿ ಕಂಡರೂ ತಾಲೀಮಿನ ಸ್ವರೂಪವನ್ನು ಮರೆಮಾಡುತ್ತದೆ.

1824ರ ವಿಜಯದ ನೆನಪಿಗೆ ನಡೆಯುವ ಕಿತ್ತೂರು ಉತ್ಸವದಂಥ ವೇದಿಕೆಗಳು ಜನಪದ ಕಲಾವಿದರಿಗೆ ಮನ್ನಣೆ ತಂದಿರುವುದು ನಿಜ. ಆದರೆ ಇಡೀ ರಾತ್ರಿಯ ಆಟ ಇಂಥ ಕಡೆ ಅಲ್ಪಾವಧಿಗೆ ಇಳಿದಾಗ ಮೊದಲು ಕತ್ತರಿ ಬೀಳುವುದು ಮಾತಿಗೆ. ಹಾಡು ಹೇಗೋ ಉಳಿದುಕೊಳ್ಳುತ್ತದೆ. ದಾಖಲೀಕರಣದಲ್ಲಿಯೂ ಹಾಡುಗಾರನಿಗೇ ಅಗ್ರಸ್ಥಾನ. ಗಂಗೆಯ ಪಾತ್ರ ಕಟ್ಟಿದ ಗಂಡಸರನ್ನು, ಸರದಿಯಂತೆ ಮಾಸ್ತರನಿಗೆ ರೊಟ್ಟಿ ಬಡಿದುಕೊಟ್ಟ ಮನೆಗಳ ಹೆಂಗಸರನ್ನು ಕೇಳಿ ಬರೆದಿಟ್ಟದ್ದು ಅಪರೂಪ. ಅವರಲ್ಲಿ ಉಳಿದವರು ಈಗ ಇಳಿವಯಸ್ಸಿನಲ್ಲಿದ್ದಾರೆ.